ಅಮೆರಿಕದಲ್ಲಿ ಕಾಂಡೊ, ಟೌನ್‌ಹೌಸ್ ಕೊಳ್ಳುವ ಮುಂಚೆ: ಎಚ್‌ಒಎ ಕಾನೂನು ಮತ್ತು ರಿಸರ್ವ್ ಫಂಡ್ ಓದುವ ಸಮಗ್ರ ಮಾರ್ಗದರ್ಶಿ

ಫ್ರೀಮಾಂಟ್‌ನಲ್ಲೋ ಎಡಿಸನ್‌ನಲ್ಲೋ ಮನೆ ನೋಡಲು ಹೋದರೆ ನಮ್ಮವರು ಮೊದಲು ಬಾಗಿಲು ಯಾವ ದಿಕ್ಕಿಗಿದೆ ಅಂತ ನೋಡುತ್ತಾರೆ. ಆಮೇಲೆ ಅಡುಗೆಮನೆ, ಶಾಲೆಯ ರೇಟಿಂಗ್. ಕೊನೆಗೆ ಮನೆ ಮಾಲೀಕರ ಸಂಘ, ಅಂದರೆ ಎಚ್‌ಒಎ, ತೆಗೆದುಕೊಳ್ಳುವ ಶುಲ್ಕದ ಬಗ್ಗೆ ಒಂದು ಪ್ರಶ್ನೆ: "ಎಚ್‌ಒಎ ತಿಂಗಳಿಗೆ ಎಷ್ಟು?" 280 ಡಾಲರ್ ಅಂದರೆ ಖುಷಿ. 550 ಅಂದರೆ ಮುಖ ಸಣ್ಣದಾಗುತ್ತದೆ.

ಆ ಅಂಕಿ ಒಂದನ್ನೇ ನೋಡಿದರೆ ಏನೂ ಗೊತ್ತಾಗುವುದಿಲ್ಲ. 280 ತೆಗೆದುಕೊಳ್ಳುವ ಸಂಘ ಮುಂದಿನ ವರ್ಷ ಚಾವಣಿ ರಿಪೇರಿಗೆ ಅಂತ ಮನೆಗೆ 20,000 ಡಾಲರ್ ಬಿಲ್ ಕಳಿಸಬಹುದು. 550 ತೆಗೆದುಕೊಳ್ಳುವ ಸಂಘ ಆ ದುಡ್ಡನ್ನು ಆಗಲೇ ಬ್ಯಾಂಕಿನಲ್ಲಿ ಇಟ್ಟಿರಬಹುದು. ಹೀಗೆ ದೊಡ್ಡ ರಿಪೇರಿಗೆ ಅಂತ ತಿಂಗಳು ತಿಂಗಳು ಎತ್ತಿಡುವ ಹಣವೇ ರಿಸರ್ವ್ ಫಂಡ್. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬಿಲ್ಡರ್ ಒಂದೇ ಸಲ ವಸೂಲಿ ಮಾಡುವ ಕಾರ್ಪಸ್ ಫಂಡ್ ಇದೆಯಲ್ಲ, ಉದ್ದೇಶ ಅದಕ್ಕೆ ಹತ್ತಿರ. ನಡೆಸುವ ರೀತಿ ಬೇರೆ.

ಇದಕ್ಕೆ ಇಡೀ ದೇಶಕ್ಕೆ ಒಂದೇ ಕಾನೂನು ಇಲ್ಲ. ಪ್ರತಿ ರಾಜ್ಯಕ್ಕೂ ಅದರದೇ ಕಾನೂನು. ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಬಹಳಷ್ಟು ರಾಜ್ಯಗಳು ಸಂಘಕ್ಕೆ "ಇಷ್ಟು ದುಡ್ಡು ಕೂಡಿಡಲೇಬೇಕು" ಅನ್ನುವುದಿಲ್ಲ. "ಎಷ್ಟು ಕೂಡಿಟ್ಟಿದ್ದೀರಿ, ಎಷ್ಟು ಕೊರತೆ ಇದೆ ಅಂತ ಹೇಳಿ" ಅನ್ನುತ್ತವೆ, ಅಷ್ಟೇ. ಹೇಳಿದ್ದನ್ನು ಓದುವ ಕೆಲಸ ನಿಮ್ಮದು. ಈ ಬರಹ ಅದಕ್ಕೇ.

ಸರ್ಫ್‌ಸೈಡ್ ಆದ ಮೇಲೆ ಏನು ಬದಲಾಯಿತು

2021ರ ಜೂನ್ 24ರ ರಾತ್ರಿ ಫ್ಲಾರಿಡಾದ ಸರ್ಫ್‌ಸೈಡ್‌ನಲ್ಲಿ ಚಾಂಪ್ಲೇನ್ ಟವರ್ಸ್ ಸೌತ್ ಎಂಬ 12 ಮಹಡಿಯ ಕಾಂಡೊ, ಅಂದರೆ ಫ್ಲ್ಯಾಟ್‌ಗಳ ಕಟ್ಟಡ, ಕುಸಿಯಿತು. 98 ಜನ ಸತ್ತರು. 1981ರಲ್ಲಿ ಕಟ್ಟಿದ ಕಟ್ಟಡ ಅದು. ಈಜುಕೊಳದ ಡೆಕ್ ಕೆಳಗೆ ನೀರು ಇಳಿದು ಕಾಂಕ್ರೀಟ್ ಹಾಳಾಗುತ್ತಿದೆ ಅಂತ 2018ರಲ್ಲೇ ಎಂಜಿನಿಯರ್ ವರದಿ ಕೊಟ್ಟಿದ್ದರು. ರಿಪೇರಿಗೆ ಬೇಕಿದ್ದದ್ದು ಸುಮಾರು 1.5 ಕೋಟಿ ಡಾಲರ್. ರಿಸರ್ವ್‌ನಲ್ಲಿ 10 ಲಕ್ಷವೂ ಇರಲಿಲ್ಲ. ಕಟ್ಟಡ ಬೀಳುವ ಕೆಲವು ತಿಂಗಳ ಮುಂಚೆಯಷ್ಟೇ ಮಾಲೀಕರಿಗೆ ಸ್ಪೆಷಲ್ ಅಸೆಸ್‌ಮೆಂಟ್, ಅಂದರೆ ತಿಂಗಳ ಶುಲ್ಕದ ಮೇಲೆ ಹೆಚ್ಚುವರಿ ವಸೂಲಿ, ಹಾಕಿದ್ದರು. ಚಿಕ್ಕ ಮನೆಗೆ ಸುಮಾರು 80,000 ಡಾಲರ್, ಪೆಂಟ್‌ಹೌಸಿಗೆ 3,30,000ಕ್ಕೂ ಜಾಸ್ತಿ.

ಬಿದ್ದದ್ದು ದುಡ್ಡಿಲ್ಲದ ಒಂದೇ ಕಾರಣಕ್ಕೆ ಅಲ್ಲ. ಮೂಲ ವಿನ್ಯಾಸದಲ್ಲೇ ಲೋಪ ಇದ್ದದ್ದನ್ನು ತನಿಖೆ ತೋರಿಸಿದೆ. ಆದರೆ ರಿಪೇರಿ ಬೇಕು ಅಂತ ಗೊತ್ತಾಗಿ ಮೂರು ವರ್ಷ ಜಗಳದಲ್ಲೇ ಕಳೆದದ್ದಕ್ಕೆ ಖಾಲಿ ಫಂಡ್ ದೊಡ್ಡ ಕಾರಣ. ಆಮೇಲೆ ಫ್ಲಾರಿಡಾ, ಮೇರಿಲ್ಯಾಂಡ್, ನ್ಯೂಜೆರ್ಸಿ ಕಾನೂನು ಬಿಗಿ ಮಾಡಿದವು. ಸಾಲ ಕೊಡುವವರೂ ಬಿಗಿಯಾದರು.

ಹೆಜ್ಜೆ 1: ಕೊಳ್ಳುತ್ತಿರುವುದು ಕಾಂಡೊನೋ ಅಲ್ಲವೋ, ಪಕ್ಕಾ ಮಾಡಿಕೊಳ್ಳಿ

ಟೌನ್‌ಹೌಸ್ ಅನ್ನುವುದು ಕಟ್ಟಡದ ಆಕಾರ ಅಷ್ಟೇ, ಗೋಡೆಗೆ ಗೋಡೆ ಅಂಟಿಕೊಂಡ ಸಾಲುಮನೆ. ಕಾನೂನಿನ ಕಣ್ಣಿನಲ್ಲಿ ಅದು ಕಾಂಡೊ ಆಗಿರಬಹುದು, ಆಗದೆಯೂ ಇರಬಹುದು. ಹೊರಗಿನಿಂದ ನೋಡಿ ಹೇಳಲು ಆಗುವುದಿಲ್ಲ. ಮಾಲೀಕತ್ವದ ದಾಖಲೆ ಪರಿಶೀಲಿಸುವ ಟೈಟಲ್ ಕಂಪನಿ ಕೊಡುವ ಪ್ರಿಲಿಮಿನರಿ ರಿಪೋರ್ಟ್ ಇಲ್ಲವೇ ಡೀಡ್ ನೋಡಬೇಕು.

ಕಾಂಡೊದಲ್ಲಿ ಸಾಮಾನ್ಯವಾಗಿ ಗೋಡೆಗಳ ಒಳಗಿನ ಜಾಗ ಮಾತ್ರ ನಿಮ್ಮದು. ಚಾವಣಿ, ಹೊರಗೋಡೆ, ದೊಡ್ಡ ಪೈಪು, ಕೆಳಗಿನ ನೆಲ ಎಲ್ಲರಿಗೂ ಸೇರಿದ್ದು. ನಿಮಗೆ ಅದರಲ್ಲಿ ಒಂದು ಪಾಲು. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾಯ್ದೆಯ ಪ್ರಕಾರ ಡೀಡ್ ಆಫ್ ಡಿಕ್ಲರೇಷನ್ ಮಾಡಿಸಿದ ಫ್ಲ್ಯಾಟ್ ನಿಮ್ಮದಾಗಿದ್ದರೆ ಈ ಏರ್ಪಾಡು ಹೊಸದೇನಲ್ಲ. ಅಲ್ಲಿನ ಪದಗಳೇ ಇಲ್ಲೂ ಸಿಗುತ್ತವೆ: ಡಿಕ್ಲರೇಷನ್, ಕಾಮನ್ ಏರಿಯಾ, ಲಿಮಿಟೆಡ್ ಕಾಮನ್ ಏರಿಯಾ.

ಇನ್ನೊಂದು ಬಗೆ ಪಿಯುಡಿ. ಅಂದರೆ ಮನೆ, ಅದರ ಕೆಳಗಿನ ಸೈಟು ಎರಡೂ ನಿಮ್ಮ ಹೆಸರಲ್ಲಿ. ರಸ್ತೆ, ಪಾರ್ಕು, ಈಜುಕೊಳ ಸಂಘದ್ದು. ಇಲ್ಲಿ ಚಾವಣಿ ಬಹಳ ಸಲ ನಿಮ್ಮದೇ ತಲೆನೋವು. ಹಾಗಾಗಿ ಸಂಘದ ಶುಲ್ಕ ಕಡಿಮೆ ಇರುತ್ತದೆ. ಕಡಿಮೆ ಶುಲ್ಕ ನೋಡಿ ಖುಷಿಪಡುವ ಮುಂಚೆ ಚಾವಣಿ ಯಾರದ್ದು ಅಂತ ಕೇಳಿ. ನ್ಯೂಯಾರ್ಕಿನ ಕೋ-ಆಪ್‌ಗಳು ಮೂರನೇ ಬಗೆ. ಅಲ್ಲಿ ಮನೆಯಲ್ಲ, ಕಂಪನಿಯ ಷೇರು ಕೊಳ್ಳುತ್ತೀರಿ. ಅದರ ಕಥೆ ಇಲ್ಲಿ ಬೇಡ.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಕೆಲವು ರಾಜ್ಯಗಳಲ್ಲಿ ಎರಡಕ್ಕೂ ಬೇರೆ ಬೇರೆ ಕಾನೂನು. ಫ್ಲಾರಿಡಾದಲ್ಲಿ ಕಾಂಡೊಗೆ 718ನೇ ಅಧ್ಯಾಯ, ಎಚ್‌ಒಎಗೆ 720ನೇ ಅಧ್ಯಾಯ. ಸರ್ಫ್‌ಸೈಡ್ ನಂತರದ ಕಟ್ಟುನಿಟ್ಟು ಬಂದದ್ದು ಕಾಂಡೊ, ಕೋ-ಆಪ್‌ಗಳಿಗೆ. ಕ್ಯಾಲಿಫೋರ್ನಿಯಾದಲ್ಲಿ ಮಾತ್ರ ಕಾಂಡೊ, ಪಿಯುಡಿ ಎರಡಕ್ಕೂ ಡೇವಿಸ್-ಸ್ಟರ್ಲಿಂಗ್ ಎಂಬ ಒಂದೇ ಕಾಯ್ದೆ.

ಹೆಜ್ಜೆ 2: ಯಾವ ಕಾಗದ ದೊಡ್ಡದು, ಯಾವುದು ಚಿಕ್ಕದು

ಎಲ್ಲಕ್ಕಿಂತ ಮೇಲೆ ರಾಜ್ಯದ ಕಾನೂನು. ಅದರ ಕೆಳಗೆ ಡಿಕ್ಲರೇಷನ್. ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಸಿಸಿ ಆ್ಯಂಡ್ ಆರ್ಸ್ ಅನ್ನುತ್ತಾರೆ. ಇದು ಕೌಂಟಿಯಲ್ಲಿ ನೋಂದಣಿ ಆಗಿರುತ್ತದೆ, ಕೊಂಡವರನ್ನೆಲ್ಲ ಕಟ್ಟಿಹಾಕುತ್ತದೆ. ನಂತರ ಸಂಘದ ಬೈಲಾ. ಕೊನೆಗೆ ಸಂಘದ ಆಡಳಿತ ಮಂಡಳಿ, ಅಂದರೆ ಬೋರ್ಡ್, ಮಾಡುವ ರೂಲ್ಸ್. ರೂಲ್ಸ್‌ನಲ್ಲಿ ಬರೆದದ್ದು ಕಾನೂನಿಗೆ ವಿರುದ್ಧ ಇದ್ದರೆ ಅದು ನಿಲ್ಲುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಬಾಗಿಲಿಗೆ ತೋರಣ ಕಟ್ಟಬೇಡಿ ಅಂತ ಸಂಘದ ಪತ್ರ ಬಂದರೆ? ಕ್ಯಾಲಿಫೋರ್ನಿಯಾದಲ್ಲಿ 2020ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ, ಮನೆಯ ಮುಂಬಾಗಿಲು ಅಥವಾ ಬಾಗಿಲುವಾಡದ ಮೇಲೆ ಧಾರ್ಮಿಕ ವಸ್ತು ಹಾಕುವುದನ್ನು ಸಂಘ ತಡೆಯುವಂತಿಲ್ಲ. ಒಟ್ಟು ಅಳತೆ 36 ಇಂಚು, 12 ಇಂಚು ಮೀರಬಾರದು, ಅಷ್ಟೇ. ಟೆಕ್ಸಾಸ್‌ನಲ್ಲೂ ಧಾರ್ಮಿಕ ವಸ್ತುಗಳಿಗೆ ರಕ್ಷಣೆ ಇದೆ. ರಂಗೋಲಿಯ ವಿಷಯ ಬೇರೆ. ಬಾಗಿಲಿನ ಮುಂದಿನ ಕಾರಿಡಾರ್ ಕಾಮನ್ ಏರಿಯಾ. ಅಲ್ಲಿ ಬೋರ್ಡಿನ ಮಾತೇ ನಡೆಯುತ್ತದೆ.

ವೀಸಾದ ಮೇಲಿರುವವರು ಡಿಕ್ಲರೇಷನ್‌ನಲ್ಲಿ ಮೊದಲು ಹುಡುಕಬೇಕಾದದ್ದು ಬಾಡಿಗೆಯ ನಿಯಮ. ನಾಳೆ ಊರಿಗೆ ಹೋಗಬೇಕಾಗಿ ಬಂದರೆ ಮನೆ ಬಾಡಿಗೆಗೆ ಕೊಡಬಹುದೇ? ಇಷ್ಟೇ ಮನೆ ಬಾಡಿಗೆಗೆ ಅಂತ ಮಿತಿ ಹಾಕಿ, ಕಾಯುವ ಪಟ್ಟಿ ಇಟ್ಟಿರುವ ಸಂಘಗಳಿವೆ. ಕ್ಯಾಲಿಫೋರ್ನಿಯಾದಲ್ಲಿ ಆ ಮಿತಿಯನ್ನು ಶೇ 25ಕ್ಕಿಂತ ಕೆಳಗೆ ಇಳಿಸುವಂತಿಲ್ಲ. ಎಲ್ಲ ರಾಜ್ಯಗಳಲ್ಲಿ ಈ ರಕ್ಷಣೆ ಇಲ್ಲ.

ಹೆಜ್ಜೆ 3: ಕಾಗದ ತರಿಸಿಕೊಳ್ಳಿ, ದಿನ ಎಣಿಸಿ

ಕಾಗದದ ಕಟ್ಟಿಗೆ ಒಂದೊಂದು ರಾಜ್ಯದಲ್ಲಿ ಒಂದೊಂದು ಹೆಸರು. ಟೆಕ್ಸಾಸ್, ವಾಷಿಂಗ್ಟನ್, ವರ್ಜೀನಿಯಾಗಳಲ್ಲಿ ರೀಸೇಲ್ ಸರ್ಟಿಫಿಕೇಟ್. ಕ್ಯಾಲಿಫೋರ್ನಿಯಾದಲ್ಲಿ ಸಿವಿಲ್ ಕೋಡ್ 4525ರ ಪ್ರಕಾರ ಮಾರುವವರು ಕೊಡಬೇಕಾದ ಪಟ್ಟಿ. ಅಲ್ಲಿ ಲಿಖಿತವಾಗಿ ಕೇಳಿದ 10 ದಿನದೊಳಗೆ ಸಂಘ ಮಾರುವವರಿಗೆ ಕಾಗದ ಒದಗಿಸಬೇಕು.

ಕೇಳಬೇಕಾದವು ಇವು. ಏಜೆಂಟರಿಗೆ ಇಮೇಲ್‌ನಲ್ಲಿ ಹಾಗೇ ಕಳಿಸಿಬಿಡಿ:

- ಡಿಕ್ಲರೇಷನ್, ಬೈಲಾ, ರೂಲ್ಸ್
- ಈ ವರ್ಷದ ಬಜೆಟ್, ಹಿಂದಿನ ಎರಡು ವರ್ಷದ ಲೆಕ್ಕಪತ್ರ
- ಇತ್ತೀಚಿನ ರಿಸರ್ವ್ ಸ್ಟಡಿ (ಯಾವ ರಿಪೇರಿಗೆ ಯಾವಾಗ ಎಷ್ಟು ದುಡ್ಡು ಬೇಕು ಎಂಬ ವರದಿ), ಪೂರ್ತಿಯಾಗಿ. ಎರಡು ಪುಟದ ಸಾರಾಂಶ ಸಾಲದು
- ರಿಸರ್ವ್ ಖಾತೆಯಲ್ಲಿ ಈಗ ಇರುವ ಹಣ
- ಕಳೆದ 12 ತಿಂಗಳ, ಸಾಧ್ಯವಾದರೆ 24 ತಿಂಗಳ, ಬೋರ್ಡ್ ಮೀಟಿಂಗ್ ನಡವಳಿ
- ಕಟ್ಟಡ, ಬಾಲ್ಕನಿ ತಪಾಸಣೆಯ ವರದಿ ಇದ್ದರೆ ಅದು
- ನಡೆಯುತ್ತಿರುವ ಕೇಸು, ಮಂಜೂರಾದ ಅಥವಾ ಚರ್ಚೆಯಲ್ಲಿರುವ ಸ್ಪೆಷಲ್ ಅಸೆಸ್‌ಮೆಂಟ್
- ಸಂಘ ಮಾಡಿಸಿರುವ ಮಾಸ್ಟರ್ ಇನ್ಶೂರೆನ್ಸ್ ಪಾಲಿಸಿ

ಕಾಗದ ಕೈಗೆ ಬಂದ ದಿನ ಬರೆದಿಟ್ಟುಕೊಳ್ಳಿ. ಓದಿ ಇಷ್ಟವಾಗದಿದ್ದರೆ ಕಾರಣ ಕೊಡದೆ ಒಪ್ಪಂದ ರದ್ದು ಮಾಡುವ ಹಕ್ಕು ಹಲವು ರಾಜ್ಯಗಳಲ್ಲಿದೆ. ಆದರೆ ಗಡುವು ತೀರಾ ಚಿಕ್ಕದು. ವಾಷಿಂಗ್ಟನ್‌ನಲ್ಲಿ 5 ದಿನ. ವರ್ಜೀನಿಯಾದಲ್ಲಿ ಸಾಮಾನ್ಯವಾಗಿ 3 ದಿನ. ಟೆಕ್ಸಾಸ್ ಕಾಂಡೊದಲ್ಲಿ, ಸಹಿ ಆದ ಮೇಲೆ ಸರ್ಟಿಫಿಕೇಟ್ ಬಂದರೆ, ಬಂದ ಆರನೇ ದಿನಕ್ಕೆ ಮುಂಚೆ. ನ್ಯೂಜೆರ್ಸಿಯಲ್ಲಿ ಏಜೆಂಟ್ ಬರೆದ ಒಪ್ಪಂದವನ್ನು ವಕೀಲರಿಗೆ ತೋರಿಸಲು 3 ಕೆಲಸದ ದಿನ ಸಿಗುತ್ತವೆ. ರಿಸರ್ವ್ ಕಾಗದ ಓದಿ ಮುಗಿಯುವ ತನಕ ಬಿಡುಗಡೆ ಇರಬೇಕು ಅಂತ ಒಂದು ಷರತ್ತನ್ನು ಆಗಲೇ ವಕೀಲರಿಂದ ಸೇರಿಸಿಸಿ.

"ಮಾರ್ಕೆಟ್ ಬಿಸಿ ಇದೆ, ಎಲ್ಲರೂ ಷರತ್ತು ಬಿಟ್ಟುಕೊಡುತ್ತಿದ್ದಾರೆ" ಅಂತ ಏಜೆಂಟರು ಅವಸರ ಮಾಡುತ್ತಾರೆ. ಬೇರೆ ಷರತ್ತಿನ ಮಾತು ನನಗೆ ಗೊತ್ತಿಲ್ಲ, ಇದೊಂದನ್ನು ಮಾತ್ರ ಬಿಡಬೇಡಿ.

ಹೆಜ್ಜೆ 4: ರಿಸರ್ವ್ ಸ್ಟಡಿ ಓದುವುದು

ಇಲ್ಲೇ ಸ್ವಲ್ಪ ಹೊತ್ತು ಕೂರಬೇಕು. 60 ಪುಟದ ಪಿಡಿಎಫ್ ನೋಡಿ ಹೆದರಬೇಡಿ. ಅದರಲ್ಲಿ ಎರಡೇ ಭಾಗ. ಮೊದಲನೆಯದು ವಸ್ತುಗಳ ಪಟ್ಟಿ: ಚಾವಣಿ, ಪೇಂಟ್, ಡಾಂಬರು, ಲಿಫ್ಟ್, ಬೇಲಿ, ಬಾಯ್ಲರ್. ಪ್ರತಿಯೊಂದಕ್ಕೂ ಎಷ್ಟು ವರ್ಷ ಬಾಳಿಕೆ, ಇನ್ನೆಷ್ಟು ವರ್ಷ ಉಳಿದಿದೆ, ಹೊಸದು ಹಾಕಲು ಎಷ್ಟು ಖರ್ಚು. ಎರಡನೆಯದು ದುಡ್ಡಿನ ಲೆಕ್ಕ.

ಲೆಕ್ಕದ ಸೂತ್ರ ಸುಲಭ. ವಸ್ತುವಿನ ಬಾಳಿಕೆಯಲ್ಲಿ ಎಷ್ಟು ಭಾಗ ಸವೆದಿದೆಯೋ, ಅದರ ಖರ್ಚಿನ ಅಷ್ಟು ಭಾಗ ಈ ಹೊತ್ತಿಗೆ ಬ್ಯಾಂಕಿನಲ್ಲಿ ಇರಬೇಕು. 40 ಟೌನ್‌ಹೌಸ್‌ಗಳ ಒಂದು ಕಾಂಡೊ ಸಂಘ ಇದೆ ಅಂದುಕೊಳ್ಳಿ.

ಎಲ್ಲ ಚಾವಣಿ ಹೊಸದಾಗಿ ಹಾಕಲು 4,00,000 ಡಾಲರ್. ಬಾಳಿಕೆ 25 ವರ್ಷ, ಆಗಲೇ 15 ವರ್ಷ ಆಗಿದೆ. ಇರಬೇಕಾದದ್ದು 2,40,000.

ಹೊರಗಿನ ಪೇಂಟ್ 80,000. ಬಾಳಿಕೆ 8 ವರ್ಷ, 4 ಆಗಿದೆ. ಇರಬೇಕಾದದ್ದು 40,000.

ಒಳರಸ್ತೆಯ ಡಾಂಬರು 1,20,000. ಬಾಳಿಕೆ 20, ಆಗಿರುವುದು 10. ಇರಬೇಕಾದದ್ದು 60,000.

ಒಟ್ಟು 3,40,000 ಇರಬೇಕು. ಖಾತೆಯಲ್ಲಿ ಇರುವುದು 1,02,000. ಅಂದರೆ ಶೇ 30. ಇದನ್ನೇ ಪರ್ಸೆಂಟ್ ಫಂಡೆಡ್ ಅನ್ನುತ್ತಾರೆ. ಈ ಕೆಲಸ ಮಾಡುವವರ ವಾಡಿಕೆಯಲ್ಲಿ ಶೇ 70ಕ್ಕಿಂತ ಮೇಲಿದ್ದರೆ ಗಟ್ಟಿ, 30ರಿಂದ 70 ಮಧ್ಯಮ, 30ಕ್ಕಿಂತ ಕೆಳಗೆ ದುರ್ಬಲ. ನಮ್ಮ ಈ ಸಂಘ ಅಂಚಿನಲ್ಲಿ ನಿಂತಿದೆ. ಕೊರತೆ 2,38,000 ಡಾಲರ್. 40 ಮನೆಗೆ ಹಂಚಿದರೆ ಮನೆಗೆ 5,950. ಅಷ್ಟು ಕಾಣದ ಸಾಲ ಮನೆಯ ಜೊತೆ ನಿಮಗೆ ಬರುತ್ತದೆ. ಬೆಲೆ ಮಾತಾಡುವಾಗ ನಿಮ್ಮ ಕೈಯಲ್ಲಿ ಈ ಅಂಕಿ ಇರಬೇಕು.

ಆದರೆ ಶೇಕಡಾ ಲೆಕ್ಕಕ್ಕಿಂತ ನನಗೆ ಮುಖ್ಯ ಅನಿಸುವುದು ಮುಂದಿನ ಹತ್ತು ವರ್ಷದ ಚಿತ್ರ. ಮೂರೂ ವಸ್ತುಗಳು ಸರಿಯಾಗಿ ಸವೆಯುವ ವೇಗಕ್ಕೆ ವರ್ಷಕ್ಕೆ 32,000 ಕೂಡಿಡಬೇಕು, ಅಂದರೆ ಮನೆಗೆ ತಿಂಗಳಿಗೆ ಸುಮಾರು 67 ಡಾಲರ್. ಈ ಸಂಘ ರಿಸರ್ವ್‌ಗೆ ಹಾಕುತ್ತಿರುವುದು ತಿಂಗಳಿಗೆ 30 ಮಾತ್ರ ಅಂತಿಟ್ಟುಕೊಳ್ಳಿ. ವರ್ಷಕ್ಕೆ 14,400. ಹತ್ತು ವರ್ಷಕ್ಕೆ 1,44,000. ಈಗ ಇರುವ 1,02,000 ಸೇರಿ 2,46,000. ನಾಲ್ಕನೇ ವರ್ಷ ಪೇಂಟಿಗೆ 80,000 ಹೋಯಿತು. ಉಳಿದದ್ದು 1,66,000. ಹತ್ತನೇ ವರ್ಷ ಚಾವಣಿ, ಡಾಂಬರು ಎರಡೂ ಒಟ್ಟಿಗೆ ಬರುತ್ತವೆ. ಬೇಕಾದದ್ದು 5,20,000. ಮನೆಗೆ 8,850 ಡಾಲರ್ ಕಡಿಮೆ. ಬೆಲೆ ಏರಿಕೆ ಸೇರಿಸದೆ ಹೇಳಿದ ಲೆಕ್ಕ ಇದು.

ಈ ರೀತಿ ನೋಡಿದರೆ ಶೇ 50 ಇದ್ದೂ ನಾಳೆ ಚಾವಣಿ ಬದಲಿಸಬೇಕಾದ ಸಂಘಕ್ಕಿಂತ, ಶೇ 40 ಇದ್ದು ಮುಂದಿನ 12 ವರ್ಷ ದೊಡ್ಡ ಖರ್ಚಿಲ್ಲದ ಸಂಘ ವಾಸಿ.

ಇನ್ನು ಕೆಲವು ಕಡೆ ಕಣ್ಣಿಡಿ. ಸ್ಟಡಿ ಮಾಡಿದ ವರ್ಷ ಯಾವುದು? 2019ರ ಸ್ಟಡಿಯಲ್ಲಿರುವ ಚಾವಣಿ ದರಕ್ಕೆ ಈಗ ಯಾರೂ ಬರುವುದಿಲ್ಲ. ಬೆಲೆ ಏರಿಕೆ ಎಷ್ಟು ಹಿಡಿದಿದ್ದಾರೆ? ಪಟ್ಟಿಯಲ್ಲಿ ಏನು ಬಿಟ್ಟುಹೋಗಿದೆ? ಗೋಡೆಯೊಳಗಿನ ಪೈಪುಗಳಿಗೆ ದೀರ್ಘಾಯುಷ್ಯ ಅಂತ ಎಷ್ಟೋ ಸ್ಟಡಿಗಳಲ್ಲಿ ಕೈಬಿಡುತ್ತಾರೆ. 1970ರ ದಶಕದ ಕಟ್ಟಡದಲ್ಲಿ ಆ ಪೈಪುಗಳೇ ಮುಂದಿನ ದೊಡ್ಡ ಬಿಲ್. ಹಿಂದಿನ ಸ್ಟಡಿಯಲ್ಲಿ "ಚಾವಣಿಗೆ ಉಳಿದದ್ದು 3 ವರ್ಷ" ಅಂತ ಇದ್ದು ಈಗಿನದರಲ್ಲಿ "8 ವರ್ಷ" ಅಂತ ಇದ್ದರೆ, ಯಾಕೆ ಅಂತ ಕೇಳಲೇಬೇಕು. ಶೇಕಡಾ ಅಂಕಿ ಚೆನ್ನಾಗಿ ಕಾಣಲಿ ಅಂತ ಆಯಸ್ಸು ಎಳೆಯುವುದು ಹಳೆಯ ಉಪಾಯ.

ಬಜೆಟ್ ಜೊತೆಗೂ ಒಮ್ಮೆ ತಾಳೆ ನೋಡಿ. ಸ್ಟಡಿ ವರ್ಷಕ್ಕೆ 32,000 ಹಾಕಿ ಅಂದಿದೆ, ಬಜೆಟ್‌ನಲ್ಲಿ 14,400 ಇದೆ. ಅಂದರೆ ಬೋರ್ಡ್ ವರದಿ ತರಿಸಿ ಕಪಾಟಿನಲ್ಲಿ ಇಟ್ಟಿದೆ.

ಹೆಜ್ಜೆ 5: ನಿಮ್ಮ ರಾಜ್ಯ ಏನು ಹೇಳುತ್ತದೆ

*ಕ್ಯಾಲಿಫೋರ್ನಿಯಾ.* ಕನಿಷ್ಠ ಮೂರು ವರ್ಷಕ್ಕೊಮ್ಮೆ ಕಣ್ಣಾರೆ ನೋಡಿ ರಿಸರ್ವ್ ಸ್ಟಡಿ ಆಗಬೇಕು, ಪ್ರತಿ ವರ್ಷ ಬೋರ್ಡ್ ಪರಿಶೀಲಿಸಬೇಕು. ಪರ್ಸೆಂಟ್ ಫಂಡೆಡ್ ಎಷ್ಟು ಅಂತ ನಿಗದಿತ ನಮೂನೆಯಲ್ಲಿ ಪ್ರತಿ ವರ್ಷ ಸದಸ್ಯರಿಗೆ ಕಳಿಸಬೇಕು. ಆದರೆ ಇಷ್ಟು ಶೇಕಡಾ ಇರಲೇಬೇಕು ಅಂತ ಎಲ್ಲೂ ಇಲ್ಲ. ಶೇ 12 ಇದ್ದರೂ, ಹೇಳಿದರೆ ಆಯಿತು! ರಿಸರ್ವ್‌ನಿಂದ ದುಡ್ಡು ತೆಗೆಯಲು ಇಬ್ಬರ ಸಹಿ ಬೇಕು. ದಿನದ ಖರ್ಚಿಗೆ ಅದರಿಂದ ಸಾಲ ತೆಗೆದರೆ ಸಾಮಾನ್ಯವಾಗಿ ಒಂದು ವರ್ಷದೊಳಗೆ ವಾಪಸ್ ಹಾಕಬೇಕು.

ಬೋರ್ಡ್ ತಾನಾಗಿಯೇ ತಿಂಗಳ ಶುಲ್ಕವನ್ನು ವರ್ಷಕ್ಕೆ ಶೇ 20ರವರೆಗೆ ಏರಿಸಬಹುದು. ಸ್ಪೆಷಲ್ ಅಸೆಸ್‌ಮೆಂಟ್ ವರ್ಷದ ಬಜೆಟ್ ಖರ್ಚಿನ ಶೇ 5 ಮೀರಿದರೆ ಸದಸ್ಯರ ಮತ ಬೇಕು. ತುರ್ತು ರಿಪೇರಿಗೆ ಈ ಮಿತಿಗಳಿಲ್ಲ. ಚಾವಣಿ ಸೋರುವ ತನಕ ಕಾದರೆ ಎಲ್ಲವೂ ತುರ್ತೇ, ಅಲ್ವಾ?

2015ರ ಜೂನ್‌ನಲ್ಲಿ ಬರ್ಕ್ಲಿಯಲ್ಲಿ ಅಪಾರ್ಟ್‌ಮೆಂಟಿನ ಬಾಲ್ಕನಿ ಮುರಿದು ಬಿದ್ದು 6 ವಿದ್ಯಾರ್ಥಿಗಳು ಸತ್ತರು. ಒಳಗಿನ ಮರ ನೀರು ಕುಡಿದು ಕೊಳೆತಿತ್ತು. ಅದರ ನಂತರ ಬಂದ ಎಸ್‌ಬಿ 326 ಕಾನೂನಿನಂತೆ, ಮೂರು ಅಥವಾ ಹೆಚ್ಚು ಮನೆಗಳಿರುವ ಕಾಂಡೊ ಕಟ್ಟಡಗಳಲ್ಲಿ ನೆಲದಿಂದ 6 ಅಡಿಗಿಂತ ಎತ್ತರದ, ಮರದ ಆಧಾರ ಇರುವ ಬಾಲ್ಕನಿ, ಮೆಟ್ಟಿಲುಗಳನ್ನು 9 ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಬೇಕು. ಮೊದಲ ಗಡುವು 2025ರ ಜನವರಿ 1ಕ್ಕೇ ಮುಗಿದಿದೆ. ವರದಿ ಎಲ್ಲಿ ಅಂತ ಕೇಳಿ. "ಇನ್ನೂ ಆಗಿಲ್ಲ" ಅಂದರೆ ಅದೂ ಒಂದು ಉತ್ತರವೇ.

*ಫ್ಲಾರಿಡಾ.* ಮೂರು ಅಥವಾ ಹೆಚ್ಚು ವಾಸಯೋಗ್ಯ ಮಹಡಿಯ ಕಾಂಡೊಗಳಿಗೆ ಎರಡು ಬೇರೆ ಬೇರೆ ತಪಾಸಣೆ. ಒಂದು ಮೈಲ್‌ಸ್ಟೋನ್ ಇನ್‌ಸ್ಪೆಕ್ಷನ್. ಕಟ್ಟಡಕ್ಕೆ 30 ವರ್ಷ ಆದಾಗ, ಆಮೇಲೆ 10 ವರ್ಷಕ್ಕೊಮ್ಮೆ. ಉಪ್ಪುನೀರಿನ ಹತ್ತಿರ ಇದ್ದರೆ ಸ್ಥಳೀಯ ಆಡಳಿತ 25ಕ್ಕೇ ಕೇಳಬಹುದು. ಇನ್ನೊಂದು ಎಸ್‌ಐಆರ್‌ಎಸ್, ಅಂದರೆ ಕಟ್ಟಡದ ಗಟ್ಟಿತನಕ್ಕೆ ಸಂಬಂಧಿಸಿದ ರಿಸರ್ವ್ ಸ್ಟಡಿ. ಚಾವಣಿ, ಆಧಾರ ಗೋಡೆ ಕಂಬಗಳು, ಬೆಂಕಿ ರಕ್ಷಣೆ, ಪ್ಲಂಬಿಂಗ್, ವಿದ್ಯುತ್, ವಾಟರ್‌ಪ್ರೂಫಿಂಗ್ ಮತ್ತು ಹೊರ ಪೇಂಟ್, ಕಿಟಕಿ ಮತ್ತು ಹೊರಬಾಗಿಲು ಇದರಲ್ಲಿ ಬರುತ್ತವೆ. ಮೊದಲು ಮಾಲೀಕರು ಪ್ರತಿ ವರ್ಷ ಮತ ಹಾಕಿ "ಈ ಸಲ ರಿಸರ್ವ್ ಬೇಡ" ಅನ್ನುತ್ತಿದ್ದರು. 2025ರ ಬಜೆಟ್‌ನಿಂದ ಈ ವಸ್ತುಗಳಿಗೆ ಹಾಗೆ ಕೈಬಿಡುವ ದಾರಿ ಮುಚ್ಚಿತು.

ಪರಿಣಾಮ ಏನಾಯಿತು? ಹಳೆಯ ಕಟ್ಟಡಗಳಲ್ಲಿ ಶುಲ್ಕ ಏಕಾಏಕಿ ಏರಿತು. ನಿವೃತ್ತರು ಮಾರಲು ಮುಂದಾದರು. 2025ರ ಎಚ್‌ಬಿ 913 ಕಾನೂನು ಸ್ವಲ್ಪ ಉಸಿರು ಬಿಡಲು ಜಾಗ ಕೊಟ್ಟಿತು. ಎಸ್‌ಐಆರ್‌ಎಸ್ ಗಡುವು ಆ ವರ್ಷದ ಕೊನೆಗೆ ಹೋಯಿತು, ರಿಸರ್ವ್ ಬದಲು ಸಾಲದ ದಾರಿಯೂ ತೆರೆಯಿತು. ಮಿಯಾಮಿಯಲ್ಲಿ ಕಡಲ ಎದುರಿನ ಕಾಂಡೊ ಇಷ್ಟು ಅಗ್ಗಕ್ಕೆ ಸಿಗುತ್ತಿದೆಯಲ್ಲ ಅನಿಸಿದರೆ, ಮೊದಲು ಈ ಎರಡು ವರದಿ ಕೇಳಿ. ಅಗ್ಗದ ಕಾರಣ ಅಲ್ಲೇ ಸಿಗುತ್ತದೆ.

*ನ್ಯೂಜೆರ್ಸಿ.* 2024ರ ಜನವರಿಯಲ್ಲಿ ಸಹಿಯಾದ ಕಾನೂನು 5 ವರ್ಷಕ್ಕೊಮ್ಮೆ ರಿಸರ್ವ್ ಸ್ಟಡಿ ಬೇಕು ಅನ್ನುತ್ತದೆ. 30 ವರ್ಷದ ಹಣದ ಯೋಜನೆ ಅದರಲ್ಲಿರಬೇಕು. ತೀರಾ ಚಿಕ್ಕ ಸಂಘಗಳಿಗೆ ವಿನಾಯಿತಿ. ಕಾಂಕ್ರೀಟ್, ಉಕ್ಕಿನ ದೊಡ್ಡ ಕಟ್ಟಡಗಳಿಗೆ ಎಂಜಿನಿಯರ್ ತಪಾಸಣೆಯೂ ಕಡ್ಡಾಯ. ಇದು ಬರೀ ಹೇಳಿಸುವ ಕಾನೂನಲ್ಲ, ಹಣ ಹಾಕಿಸುವ ಕಾನೂನು. ಎಷ್ಟೋ ವರ್ಷ ಸ್ಟಡಿಯೇ ಮಾಡಿಸದೆ ಶುಲ್ಕ ಕಡಿಮೆ ಇಟ್ಟುಕೊಂಡಿದ್ದ ಟೌನ್‌ಹೌಸ್ ಸಂಘಗಳಲ್ಲಿ ಹಂತ ಹಂತವಾಗಿ ಏರಿಕೆ ಬರುತ್ತದೆ. ಅಂಥ ಕಡೆ ಇವತ್ತಿನ ಶುಲ್ಕ ನೋಡಿ ಬಜೆಟ್ ಹಾಕಬೇಡಿ.

ಉಳಿದವು ಚಿಕ್ಕದಾಗಿ. ವಾಷಿಂಗ್ಟನ್‌ನಲ್ಲಿ ಪ್ರತಿ ವರ್ಷ ಸ್ಟಡಿಯ ಪರಿಷ್ಕರಣೆ, ಮೂರು ವರ್ಷಕ್ಕೊಮ್ಮೆ ಸ್ಥಳ ನೋಡಿ ಸ್ಟಡಿ. ಚಿಕ್ಕ ಸಂಘಗಳಿಗೆ ರಿಯಾಯಿತಿ ಇದೆ. ಹಳೆಯ, ಹೊಸ ಸಂಘಗಳಿಗೆ ಬೇರೆ ಕಾನೂನು ಇರುವ ಗೊಂದಲ 2028ಕ್ಕೆ ಮುಗಿದು ಎಲ್ಲವೂ ಒಂದೇ ಕಾನೂನಿನ ಕೆಳಗೆ ಬರಲಿವೆ. ವರ್ಜೀನಿಯಾ, ಮೇರಿಲ್ಯಾಂಡ್, ನೆವಾಡಾಗಳಲ್ಲಿ 5 ವರ್ಷಕ್ಕೊಮ್ಮೆ ಸ್ಟಡಿ. ಇಲಿನಾಯ್‌ನಲ್ಲಿ ಬಜೆಟ್ಟಿನಲ್ಲಿ "ಸಮಂಜಸ" ರಿಸರ್ವ್ ಇರಬೇಕು ಅನ್ನುತ್ತಾರೆ, ಸ್ಟಡಿಯ ಕಡ್ಡಾಯ ಇಲ್ಲ.

ಟೆಕ್ಸಾಸ್‌ನಲ್ಲಿ ರಿಸರ್ವ್ ಸ್ಟಡಿ ಮಾಡಿಸಿ ಅಂತ ರಾಜ್ಯದ ಕಾನೂನೇ ಇಲ್ಲ. ಫ್ರಿಸ್ಕೊ, ಪ್ಲೇನೊ ಕಡೆ ನಮ್ಮವರು ಕೊಳ್ಳುವುದು ಹೆಚ್ಚಾಗಿ ಒಂಟಿ ಮನೆ. ಅಲ್ಲಿ ಸಂಘದ ಪಾಲಿಗೆ ಇರುವುದು ಈಜುಕೊಳ, ಗೇಟು, ಗೋಡೆ ಇಷ್ಟೇ ಆದ್ದರಿಂದ ಅಪಾಯ ಕಡಿಮೆ. ಕಾಂಡೊ ಆದರೆ ಮಾತ್ರ ರೀಸೇಲ್ ಸರ್ಟಿಫಿಕೇಟಿನಲ್ಲಿ ಬರೆದ ರಿಸರ್ವ್ ಅಂಕಿ ನೋಡಿ, ಚಾವಣಿಯ ವಯಸ್ಸು ಕೇಳಿ, ಮೇಲಿನ ಲೆಕ್ಕ ನೀವೇ ಹಾಕಿಕೊಳ್ಳಬೇಕು.

ಹೆಜ್ಜೆ 6: ನಡವಳಿ ಓದಿ

ರಿಸರ್ವ್ ಸ್ಟಡಿಯಲ್ಲಿ ಇಲ್ಲದ ಸತ್ಯ ಮೀಟಿಂಗ್ ನಡವಳಿಯಲ್ಲಿ ಇರುತ್ತದೆ. ಪಿಡಿಎಫ್ ತೆರೆದು ಹುಡುಕಿ: ಲೀಕ್, ರೂಫ್, ಸ್ಪೆಷಲ್ ಅಸೆಸ್‌ಮೆಂಟ್, ಇನ್ಶೂರೆನ್ಸ್, ಲೋನ್, ಲಿಟಿಗೇಷನ್. ಒಂದೇ ಸೋರಿಕೆ ಮೂರು ಮೀಟಿಂಗಿನಲ್ಲಿ ಬಂದು ಪ್ರತಿ ಸಲ "ಮುಂದೂಡಲಾಗಿದೆ" ಅಂತ ಇದ್ದರೆ ಅರ್ಥ ಮಾಡಿಕೊಳ್ಳಿ. ಮೂರು ಕೊಟೇಷನ್ ತರಿಸಿದ್ದಾರೆ ಅಂತ ಇದ್ದರೆ ಬಿಲ್ ಹತ್ತಿರದಲ್ಲೇ ಇದೆ.

ಹೆಜ್ಜೆ 7: ಸಾಲ ಮತ್ತು ವಿಮೆ

ನಿಮಗೆ ಇಷ್ಟವಾದರೆ ಸಾಲದು, ಕಟ್ಟಡ ಬ್ಯಾಂಕಿಗೂ ಇಷ್ಟವಾಗಬೇಕು. ಹೆಚ್ಚಿನ ಗೃಹ ಸಾಲಗಳು, ಬ್ಯಾಂಕುಗಳಿಂದ ಆ ಸಾಲಗಳನ್ನು ಕೊಳ್ಳುವ ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಸಂಸ್ಥೆಗಳ ನಿಯಮಕ್ಕೆ ಹೊಂದಬೇಕು. ಬಜೆಟ್‌ನ ಕನಿಷ್ಠ ಶೇ 10 ರಿಸರ್ವ್‌ಗೆ ಹೋಗಬೇಕು ಅನ್ನುವುದು ಅವರ ಬಹುಕಾಲದ ಅಳತೆ. ಈಗಿನ ಅಂಕಿ ಎಷ್ಟು ಅಂತ ಲೋನ್ ಆಫೀಸರ್ ಹತ್ತಿರ ಕೇಳಿ. ಶೇ 15ಕ್ಕಿಂತ ಜಾಸ್ತಿ ಮನೆಗಳವರು 60 ದಿನ ಶುಲ್ಕ ಬಾಕಿ ಇಟ್ಟಿದ್ದರೂ ಕಷ್ಟ. ದೊಡ್ಡ ರಿಪೇರಿ ಬಾಕಿ ಇರುವ ಕಟ್ಟಡಕ್ಕೆ ಸರ್ಫ್‌ಸೈಡ್ ನಂತರ ಸಾಲ ನಿಲ್ಲಿಸಿದ ಉದಾಹರಣೆಗಳು ಬೇಕಾದಷ್ಟಿವೆ. ಇವತ್ತು ನಗದು ಕೊಟ್ಟು ಕೊಂಡರೂ ನಾಳೆ ನಿಮ್ಮಿಂದ ಕೊಳ್ಳುವವರಿಗೆ ಸಾಲ ಸಿಗಬೇಕಲ್ಲ. ಆದ್ದರಿಂದ ಮೊದಲ ವಾರದಲ್ಲೇ "ಈ ಪ್ರಾಜೆಕ್ಟ್‌ಗೆ ಸಾಲ ಆಗುತ್ತಾ?" ಅಂತ ಕೇಳಿಬಿಡಿ.

ಮಾಸ್ಟರ್ ಪಾಲಿಸಿಯಲ್ಲಿ ಎರಡು ನೋಡಿ: ಗೋಡೆಯ ಒಳಗೆ ಏನೇನು ಸೇರಿದೆ, ಡಿಡಕ್ಟಿಬಲ್ (ವಿಮೆ ಹಣ ಬರುವ ಮುಂಚೆ ಕೈಯಿಂದ ಹಾಕಬೇಕಾದ ಮೊತ್ತ) ಎಷ್ಟು. ನಿಮ್ಮ ಸ್ವಂತ ಎಚ್‌ಒ-6 (ಕಾಂಡೊ ಮಾಲೀಕರ ವಿಮೆ) ಪಾಲಿಸಿಗೆ ಲಾಸ್ ಅಸೆಸ್‌ಮೆಂಟ್ ಕವರೇಜ್ ಸೇರಿಸಿ, ದುಬಾರಿ ಏನಲ್ಲ. ಆದರೆ ಅದು ಬೆಂಕಿ, ಬಿರುಗಾಳಿಯಂಥ ಅವಘಡದಿಂದ ಬಂದ ಅಸೆಸ್‌ಮೆಂಟಿಗೆ. ಹಳತಾಗಿ ಸವೆದ ಚಾವಣಿಗೆ ಅದು ಬರುವುದಿಲ್ಲ.

ಹೆಜ್ಜೆ 8: ಫಂಡ್ ದುರ್ಬಲ ಅಂತ ಗೊತ್ತಾದರೆ

ಓಡಿಹೋಗಲೇಬೇಕು ಅಂತಿಲ್ಲ. ಕೊರತೆಯನ್ನು ಮನೆಗೆ ಹಂಚಿದ ಅಂಕಿ ನಿಮ್ಮ ಹತ್ತಿರ ಇದೆ. ಅದನ್ನು ಬೆಲೆಯಿಂದ ಇಳಿಸಿ ಅಂತ ಕೇಳಿ. ಮಂಜೂರಾದ ಅಸೆಸ್‌ಮೆಂಟ್ ಇದ್ದರೆ ಕ್ಲೋಸಿಂಗ್‌ಗೆ (ಮನೆ ನಿಮ್ಮ ಹೆಸರಿಗೆ ಆಗುವ ದಿನಕ್ಕೆ) ಮುಂಚೆ ಮಾರುವವರೇ ಪೂರ್ತಿ ಕಟ್ಟಲಿ ಅಂತ ಒಪ್ಪಂದದಲ್ಲಿ ಬರೆಸಿ. ಬಾಯಿ ಮಾತು ಬೇಡ. ಕಂತಿನಲ್ಲಿ ಕಟ್ಟುವ ಅಸೆಸ್‌ಮೆಂಟ್ ಆಗಿದ್ದರೆ ಉಳಿದ ಕಂತು ಸುಮ್ನೆ ನಿಮ್ಮ ತಲೆಗೆ ಬರುತ್ತದೆ.

ಫಂಡ್ ಖಾಲಿ, ಸ್ಟಡಿ ಇಲ್ಲ, ನಡವಳಿ ಕೊಡುವುದಿಲ್ಲ. ಮೂರೂ ಸೇರಿದರೆ ಮಾತ್ರ ನಾನು ಬಿಡಿ ಅನ್ನುತ್ತೇನೆ, ಬಾಗಿಲು ಪೂರ್ವಕ್ಕಿದ್ದರೂ.

ಹೆಜ್ಜೆ 9: ಮಾಲೀಕರಾದ ಮೇಲೆ

ಎಷ್ಟು ಸಿಟ್ಟು ಬಂದರೂ ತಿಂಗಳ ಶುಲ್ಕ ನಿಲ್ಲಿಸಬೇಡಿ. ಬೋರ್ಡ್ ಜೊತೆ ಜಗಳ ಬೇರೆ, ಬಾಕಿ ಬೇರೆ. ಬಾಕಿಯ ಮೇಲೆ ಸಂಘ ಮನೆಗೆ ಲೀನ್ (ಬಾಕಿಗಾಗಿ ಮನೆಯ ಮೇಲೆ ಹಕ್ಕು) ಹಾಕಬಹುದು, ಬಹಳ ರಾಜ್ಯಗಳಲ್ಲಿ ಮನೆಯನ್ನೇ ಹರಾಜಿಗೆ ತರಬಹುದು. ಕ್ಯಾಲಿಫೋರ್ನಿಯಾದಲ್ಲಿ ಅಸಲು ಬಾಕಿ 1,800 ಡಾಲರ್ ಮುಟ್ಟುವ ತನಕ ಅಥವಾ 12 ತಿಂಗಳು ದಾಟುವ ತನಕ ಹರಾಜಿಗೆ ಹೋಗುವಂತಿಲ್ಲ. ತಕರಾರು ಇದ್ದರೆ "ಪ್ರತಿಭಟನೆಯೊಂದಿಗೆ ಕಟ್ಟುತ್ತಿದ್ದೇನೆ" ಅಂತ ಬರೆದು ಕಟ್ಟಿ, ಆಮೇಲೆ ಹೋರಾಡಿ. ದಂಡದ ವಿಷಯದಲ್ಲೂ ಅಲ್ಲಿ 2025ರಿಂದ ಮಿತಿ ಬಂದಿದೆ. ಆರೋಗ್ಯ, ಸುರಕ್ಷತೆಯ ಪ್ರಶ್ನೆ ಇಲ್ಲದಿದ್ದರೆ ಒಂದು ತಪ್ಪಿಗೆ 100 ಡಾಲರ್ ಮೀರಬಾರದು.

ವರ್ಷಕ್ಕೊಮ್ಮೆ ಬರುವ ಬಜೆಟ್ ಪ್ಯಾಕೆಟ್ ಬಿಸಾಡಬೇಡಿ. ಪರ್ಸೆಂಟ್ ಫಂಡೆಡ್ ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿ. ಬಜೆಟ್ ಮೀಟಿಂಗಿಗೆ ಹೋಗಿ. ಅಲ್ಲಿ ಸಾಮಾನ್ಯವಾಗಿ ಬರುವವರು ಬೆರಳೆಣಿಕೆಯಷ್ಟು ಜನ. ಅವರಲ್ಲಿ ಹೆಚ್ಚಿನವರು "ಶುಲ್ಕ ಏರಿಸಬೇಡಿ" ಅನ್ನುವವರೇ. "ರಿಸರ್ವ್‌ಗೆ ಸ್ಟಡಿ ಹೇಳಿದಷ್ಟು ಹಾಕಿ" ಅನ್ನುವ ಒಬ್ಬ ಸದಸ್ಯ ಬಂದರೂ ಬೋರ್ಡಿಗೆ ಧೈರ್ಯ ಬರುತ್ತದೆ. ಬೋರ್ಡಿಗೆ ನಿಲ್ಲುವುದು ಕಷ್ಟವೇನಲ್ಲ, ಬಹಳ ಸಲ ಸ್ಪರ್ಧೆಯೇ ಇರುವುದಿಲ್ಲ.

ಕಾಗದ ಕೊಡಲು ಬೋರ್ಡ್ ಸತಾಯಿಸಿದರೆ ಬರವಣಿಗೆಯಲ್ಲಿ ಕೇಳಿ, ಕಾನೂನಿನ ಸೆಕ್ಷನ್ ನಮೂದಿಸಿ. ಕ್ಯಾಲಿಫೋರ್ನಿಯಾದಲ್ಲಿ ಸೆಕ್ಷನ್ 5200ರಿಂದ 5210ರ ಪ್ರಕಾರ ಈ ಹಣಕಾಸು ವರ್ಷದ ದಾಖಲೆ 10 ಕೆಲಸದ ದಿನದಲ್ಲಿ, ಹಿಂದಿನ ಎರಡು ವರ್ಷದ್ದು 30 ದಿನದಲ್ಲಿ ಸಿಗಬೇಕು. ಫ್ಲಾರಿಡಾ, ನೆವಾಡಾ, ವರ್ಜೀನಿಯಾಗಳಲ್ಲಿ ದೂರು ಕೇಳಲು ಸರ್ಕಾರಿ ಒಂಬುಡ್ಸ್‌ಮನ್ ಕಚೇರಿ ಇದೆ. ಕ್ಯಾಲಿಫೋರ್ನಿಯಾದಲ್ಲಿ ಅಂಥ ಕಚೇರಿ ಇಲ್ಲ. ಅಲ್ಲಿ ಮೊದಲು ಬೋರ್ಡ್ ಜೊತೆ ಕೂತು ಮಾತಾಡುವ ಐಡಿಆರ್ ಕೇಳಿ, ಅದಕ್ಕೆ ನಿಮ್ಮಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಆಗದಿದ್ದರೆ ಸ್ಮಾಲ್ ಕ್ಲೇಮ್ಸ್ ಕೋರ್ಟ್. ವಕೀಲರು ಬೇಡ. ಕಾರಣವಿಲ್ಲದೆ ಕೊಡದೆ ಇಟ್ಟ ಪ್ರತಿ ದಾಖಲೆಯ ಕೋರಿಕೆಗೂ ಸಂಘದ ಮೇಲೆ 500 ಡಾಲರ್‌ವರೆಗೆ ದಂಡ ಬೀಳಬಹುದು.